ನಮ್ಮ ಬಡಾವಣೆಗಳೂ ಹಳ್ಳಿಯ ಆರೋಗ್ಯವೂ

ಬಸವನಗುಡಿಯ ವಿಶಾಲವಾದ ಬೀದಿಗಳಲ್ಲಿಯೂ ಮಲ್ಲೇಶ್ವರದ ಅಡ್ಡರಸ್ತೆಗಳ ತರುಚ್ಛಾಯೆಯಲ್ಲಿಯೂ ಸಂಜೆಯ ವೇಳೆ ವಾಯುಸೇವನೆಗೆಂದು ಹೊರಡುವ ನಾಗರಿಕರಲ್ಲಿ, ತಾವು ನಡೆಯುತ್ತಿರುವ ಈ ನೆಲವು ಜನವಸತಿಯಾದದ್ದು ಒಂದು ಮಹಾಮಾರಿಯ ಭೀತಿಯಿಂದ ಎಂಬುದನ್ನು ಸ್ಮರಿಸುವವರು ಈಗ ವಿರಳರಾಗಿದ್ದಾರೆ. ಚಾಮರಾಜಪೇಟೆಯು 1892ರಲ್ಲಿ ಕೋಟೆಯ ಪಶ್ಚಿಮಕ್ಕೆ ನಿರ್ಮಾಣಗೊಂಡು, ಬಸವನಗುಡಿ ಮಲ್ಲೇಶ್ವರಗಳ ಯೋಜನೆಯೂ ಅದೇ ದಶಕದಲ್ಲಿ ರೂಪುಗೊಂಡಿತಾದರೂ, ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ತಲೆತಲಾಂತರದಿಂದ ಬಾಳಿ ಬಂದಿದ್ದ ಜನರು ಊರಾಚೆಯ ಬಯಲಿಗೆ ಬಂದು ನೆಲಸಲು ಹಿಂದುಮುಂದು ನೋಡುತ್ತಿದ್ದರು. 1898ರ ಆಗಸ್ಟ್ ಮಾಸದಲ್ಲಿ, ಹುಬ್ಬಳ್ಳಿಯ ಕಡೆಯ ರೈಲುಹಾದಿಯನ್ನು ಹಿಡಿದು ಪ್ಲೇಗು ಬೆಂಗಳೂರನ್ನು ಪ್ರವೇಶಿಸಿದ ಮೇಲೆ ಆ ಸಂಕೋಚವು ಉಳಿಯಲಿಲ್ಲ. 1891ರ ಜನಗಣತಿಯಲ್ಲಿ 80,285 ಇದ್ದ ನಗರಭಾಗದ ಜನಸಂಖ್ಯೆಯು 1901ರಲ್ಲಿ 69,447ಕ್ಕೆ ಇಳಿದಿದ್ದಿತೆಂದರೆ, ಸತ್ತವರೆಷ್ಟು, ಊರು ಬಿಟ್ಟವರೆಷ್ಟು ಎಂಬುದನ್ನು ಬಿಡಿಬಿಡಿಯಾಗಿ ಎಣಿಸದೆಯೇ ಆ ದಿನಗಳ ದಾರುಣತೆಯನ್ನು ಊಹಿಸಬಹುದು.

ಪ್ಲೇಗ್ ಕಮಿಷನರ್ ಆಗಿ ನಿಯುಕ್ತರಾದ ವಿ. ಪಿ. ಮಾಧವರಾಯರೂ, ತಿರುವಾಂಕೂರಿನಲ್ಲಿ ಜಾತಿಯ ಕಾರಣದಿಂದ ಉದ್ಯೋಗ ದೊರೆಯದೆ ಮೈಸೂರು ಸಂಸ್ಥಾನದ ಸೇವೆಗೆ ಬಂದಿದ್ದ ಡಾಕ್ಟರ್ ಪಲ್ಪು ಅವರೂ ಆ ಕಾಲದಲ್ಲಿ ಪಟ್ಟ ಶ್ರಮವು ನಮ್ಮ ನಗರದ ಚರಿತ್ರೆಯಲ್ಲಿ ಇನ್ನೂ ಹೆಚ್ಚಿನ ಸ್ಥಾನವನ್ನು ಪಡೆಯಬೇಕಾದುದು. ರೋಗಿಗಳನ್ನು ಮನೆಯಿಂದ ಬೇರ್ಪಡಿಸಿ ಶಿಬಿರಗಳಿಗೆ ಸಾಗಿಸುವುದು, ಸೋಂಕಿನ ಮನೆಗಳ ಹೆಂಚು ತೆಗೆಸಿ ಬಿಸಿಲು ಬೀಳಿಸುವುದು ಮೊದಲಾದ ಕ್ರಮಗಳನ್ನು ಜನರು ಸುಲಭವಾಗಿ ಒಪ್ಪಲಿಲ್ಲ. ಕಂಗೆಟ್ಟ ಜನ ಮಾರಿಯಮ್ಮನಿಗೆ ಮೊರೆಹೊಕ್ಕು ಕಟ್ಟಿಸಿದ ಪ್ಲೇಗಮ್ಮನ ಗುಡಿಗಳು ಹಳೆಯ ಬೆಂಗಳೂರಿನ ಹಲವು ಕಡೆಗಳಲ್ಲಿ ಇಂದಿಗೂ ಪೂಜೆಗೊಳ್ಳುತ್ತಿವೆ. ಆದರೆ ಹೊಸ ಬಡಾವಣೆಗಳಲ್ಲಿ ಮನೆಯ ಸುತ್ತಲೂ ಗಾಳಿಬೆಳಕುಗಳಾಡುವಷ್ಟು ಖಾಲಿ ಜಾಗ, ಮನೆಗಳ ಹಿಂಬದಿಗೆ ಕಸಮಲಗಳ ಸಾಗಣೆಗೆಂದೇ ಪ್ರತ್ಯೇಕವಾದ ಓಣಿ, ನೇರವಾದ ಬೀದಿಗಳು, ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ 1896ರ ವೇಳೆಗೆ ಹೆಸರಘಟ್ಟದಿಂದ ಕೊಳವೆಯ ಮೂಲಕ ನಗರಕ್ಕೆ ಹರಿದುಬಂದ ಅರ್ಕಾವತಿಯ ನೀರು, ಇವೆಲ್ಲವೂ ಕೂಡಿ ಯಾವ ಔಷಧವೂ ಮಾಡಲಾಗದ ಕೆಲಸವನ್ನು ಮಾಡಿದುವು. ಆರೋಗ್ಯಕ್ಕೆ ಹಣವನ್ನು ವಿನಿಯೋಗಿಸುವ ವಿಚಾರದಲ್ಲಿ ನಮ್ಮ ಹಿರಿಯರು ಕಂಡುಕೊಂಡ ಪ್ರಥಮ ಸತ್ಯವು ಇದು: ರೋಗ ಬಂದ ಮೇಲೆ ತೆರುವುದಕ್ಕಿಂತ, ರೋಗ ಬಾರದಂತೆ ನೆಲ ಜಲಗಳನ್ನು ಅಣಿಗೊಳಿಸುವುದಕ್ಕೆ ತೆರುವುದೇ ವಿವೇಕ. ಅದರ ಫಲವನ್ನು ಮೊದಲು ಉಂಡವರು ಸರ್ಕಾರಿ ಅಧಿಕಾರಿಗಳು, ವಕೀಲರು, ಉಪಾಧ್ಯಾಯರು, ವರ್ತಕರು. ನಗರದ ಸುತ್ತಣ ಹಳ್ಳಿಗಳಿಗೆ ಅದು ತಲುಪಲಿಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು.

ಹಳ್ಳಿಗರಿಗೆ ಒದಗಿದುದು ಆಸ್ಪತ್ರೆ. ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಅರುವತ್ತನೆಯ ವರ್ಷದ ಸ್ಮಾರಕವಾಗಿ 1897ರಲ್ಲಿ ರಾಜಪ್ರತಿನಿಧಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಶಂಕುಸ್ಥಾಪನೆ ಮಾಡಿದ ವಿಕ್ಟೋರಿಯಾ ಆಸ್ಪತ್ರೆಯು, 1900ರ ಡಿಸೆಂಬರಿನಲ್ಲಿ ವೈಸರಾಯ್ ಕರ್ಜನ್ ಅವರಿಂದ ಉದ್ಘಾಟನೆಗೊಂಡಿತು. ಅದರ ನೆರೆಯಲ್ಲಿಯೇ 1913ರಲ್ಲಿ ಮಿಂಟೋ ಕಣ್ಣಿನ ಆಸ್ಪತ್ರೆಯೂ, 1935ರಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ಮೀಸಲಾದ ವಾಣಿವಿಲಾಸ ಆಸ್ಪತ್ರೆಯೂ ನೆಲೆಗೊಂಡುವು. ಉತ್ತರದಲ್ಲಿ ಮಲ್ಲೇಶ್ವರಕ್ಕೆ ಕೆ. ಸಿ. ಜನರಲ್ ಆಸ್ಪತ್ರೆಯು ಆಸರೆಯಾಯಿತು. ಕಲಾಸಿಪಾಳ್ಯದ ಮೋಟಾರು ನಿಲ್ದಾಣದಲ್ಲಿ ಇಳಿದು, ಕಂಬಳಿ ಹೊದೆಸಿದ ರೋಗಿಯನ್ನು ಇಬ್ಬರು ಹಿಡಿದು ನಡೆಸುತ್ತ ವಿಕ್ಟೋರಿಯಾದ ಬಾಗಿಲಿಗೆ ಬರುವ ಮಾಗಡಿ, ಕನಕಪುರ, ಆನೇಕಲ್ಲು ಸೀಮೆಗಳ ಕುಟುಂಬಗಳನ್ನು ಈ ಭಾಗದ ಹಳಬರೆಲ್ಲರೂ ಕಂಡಿದ್ದಾರೆ. ಆಸ್ಪತ್ರೆಯ ಚಿಕಿತ್ಸೆಗೆ ಬಡವನು ಕಾಸು ಕೊಡಬೇಕಾಗಿರಲಿಲ್ಲ. ಆದರೆ ಬಸ್ಸಿನ ಛಾರ್ಜು, ಜೊತೆಗೆ ಬಂದವರ ಊಟ, ಹೊರಗಿನ ಅಂಗಡಿಯಲ್ಲಿ ಕೊಳ್ಳಬೇಕಾದ ಔಷಧ, ಊರಿನಲ್ಲಿ ತಪ್ಪಿಹೋದ ಕೂಲಿ, ಮೇವಿಲ್ಲದೆ ನಿಂತ ದನ, ಇವುಗಳ ಲೆಕ್ಕವನ್ನು ಯಾವ ಆಸ್ಪತ್ರೆಯ ಪುಸ್ತಕದಲ್ಲಿಯೂ ಬರೆಯುತ್ತಿರಲಿಲ್ಲ. ಉಚಿತವಾದ ಚಿಕಿತ್ಸೆಗೂ ದೂರವೆಂಬ ಬೆಲೆಯೊಂದು ಇದ್ದೇ ಇದ್ದಿತು. ಮತ್ತು ಆ ಬೆಲೆಯನ್ನು ತೆರಲಾರದವನು ಕಾಯಿಲೆಯು ಕೈಮೀರುವ ತನಕ ಮನೆಯಲ್ಲಿಯೇ ಮಲಗಿರುತ್ತಿದ್ದನು.

ವಿಮೆಯೆಂಬುದು ಈ ನಾಡಿಗೆ ಹೊಸದಲ್ಲ. ಹತ್ತನೆಯ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1891ರಲ್ಲಿ, ಸಂಸ್ಥಾನದ ನೌಕರರಿಗಾಗಿ ಆರಂಭವಾದ ಸರ್ಕಾರಿ ಜೀವವಿಮೆಯು ಇಂದಿಗೂ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯೆಂಬ ಹೆಸರಿನಲ್ಲಿ ನಡೆಯುತ್ತಿದೆ. ತಿಂಗಳ ಸಂಬಳದಲ್ಲಿ ಒಂದು ಅಂಶವನ್ನು ಹಿಡಿದಿಟ್ಟು, ನೌಕರನು ಅಕಾಲದಲ್ಲಿ ತೀರಿಕೊಂಡರೆ ಅವನ ಹೆಂಡತಿಮಕ್ಕಳು ಬೀದಿಗೆ ಬೀಳದಂತೆ ಕಾಪಾಡುವ ಆ ವ್ಯವಸ್ಥೆಯ ನೆರಳಿನಲ್ಲಿಯೇ ಬಸವನಗುಡಿ ಮಲ್ಲೇಶ್ವರಗಳ ಅನೇಕ ಮನೆಗಳು ನೆಮ್ಮದಿಯಿಂದ ಬಾಳಿದುವು. ನಿಯತವಾದ ಸಂಬಳವುಳ್ಳವನಿಗೆ ವಿಮೆ ಸುಲಭಸಾಧ್ಯ. ಮಳೆಯನ್ನು ನಂಬಿ ಬದುಕುವ ಒಕ್ಕಲಿಗನ ಸಂಬಳವನ್ನು ಹಿಡಿದಿಡುವವರು ಯಾರು? ಈ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿಯೇ ಮುಂದಿನ ನೂರು ವರ್ಷಗಳ ಚರಿತ್ರೆ ಅಡಗಿದೆ.

ಮೈಸೂರು ಸರ್ಕಾರವು ಮೊದಲು ಕೊಟ್ಟ ಉತ್ತರವು ವಿಮೆಯದಾಗಿರಲಿಲ್ಲ. ವೈದ್ಯನನ್ನೇ ಹಳ್ಳಿಯ ಸಮೀಪಕ್ಕೆ ಕಳುಹಿಸುವುದಾಗಿದ್ದಿತು. 1917ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ವೈದ್ಯಶಾಲೆಯಿಂದ ಎಲ್.ಎಂ.ಪಿ. ಎಂಬ ಕಿರಿಯ ಪದವಿಯನ್ನು ಪಡೆದು ಹೊರಬಂದ ತರುಣರು ತಾಲ್ಲೂಕು, ಹೋಬಳಿಗಳ ದವಾಖಾನೆಗಳಲ್ಲಿ ನೆಲಸಿ, ಒಬ್ಬ ಕಾಂಪೌಂಡರನ ಸಹಾಯದಿಂದ ಶೀಷೆಗಳಲ್ಲಿ ಮಿಕ್ಸ್ಚರು ಕಲಸಿಕೊಡುತ್ತ, ಹುಣ್ಣಿಗೆ ಪಟ್ಟಿ ಕಟ್ಟುತ್ತ, ಕಾಲರಾ ಬಂದಾಗ ಬಾವಿಗಳಿಗೆ ಔಷಧ ಹಾಕಿಸುತ್ತ, ಊರಿನವರಲ್ಲಿ ಒಬ್ಬರಾಗಿ ಬಾಳಿದರು. ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದ ಕಾಲದಲ್ಲಿ, 1927ರಿಂದೀಚೆಗೆ, ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಸಹಕಾರದೊಡನೆ ಮಲೇರಿಯಾದ ಸಮೀಕ್ಷೆಯು ನಡೆದು, ಮಂಡ್ಯದಲ್ಲಿಯೂ ಮುಂದೆ ಇಂದಿನ ರಾಮನಗರವಾದ ಕ್ಲೋಸ್‌ಪೇಟೆಯಲ್ಲಿಯೂ ಗ್ರಾಮಾರೋಗ್ಯದ ಘಟಕಗಳು ಏರ್ಪಟ್ಟುವು. ಸೂಲಗಿತ್ತಿಯರ ಕೈಯಲ್ಲಿದ್ದ ಹೆರಿಗೆಗೆ ತರಬೇತಾದ ದಾದಿಯನ್ನು ಒದಗಿಸುವುದು, ಕಕ್ಕಸು ತೋಡಿಸುವುದು, ಸೊಳ್ಳೆಯ ಮರಿಗಳನ್ನು ನಾಶಪಡಿಸುವುದು, ಜನನಮರಣಗಳನ್ನು ದಾಖಲಿಸುವುದು ಅವುಗಳ ಕಾರ್ಯವಾಗಿದ್ದಿತು. 1930ರಲ್ಲಿ ಸರ್ಕಾರದ ವತಿಯಿಂದಲೇ ಸಂತಾನನಿಯಂತ್ರಣದ ಸಲಹೆ ಕೊಡುವ ಕೇಂದ್ರಗಳನ್ನು ತೆರೆಯಲು ಆಜ್ಞೆ ಮಾಡಿದ ಧೈರ್ಯವೂ ಈ ಸಂಸ್ಥಾನದ್ದೇ. ಇಂದಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲವನ್ನು ಹುಡುಕಿಕೊಂಡು ಹೋಗುವ ಕನ್ನಡಿಗನು ದೆಹಲಿಗೆ ಹೋಗಬೇಕಾಗಿಲ್ಲ. ಮೈಸೂರಿನ ರೈಲು ಹತ್ತಿ ರಾಮನಗರದಲ್ಲಿ ಇಳಿದರೆ ಸಾಕು.

1946ರಲ್ಲಿ ಪ್ರಕಟವಾದ ಭೋರ್ ಸಮಿತಿಯ ವರದಿಯು, ಹಣವಿಲ್ಲವೆಂಬ ಕಾರಣದಿಂದ ಯಾವ ವ್ಯಕ್ತಿಯೂ ಚಿಕಿತ್ಸೆಯಿಂದ ವಂಚಿತನಾಗಬಾರದೆಂದು ಸಾರಿ, ಪ್ರಾರಂಭದಲ್ಲಿ 40,000 ಜನರಿಗೆ ಒಂದರಂತೆ ಪ್ರಾಥಮಿಕ ಆರೋಗ್ಯ ಕೇಂದ್ರವಿರಬೇಕೆಂದು ವಿಧಿಸಿತು. ಸ್ವತಂತ್ರ ಭಾರತದ ಗ್ರಾಮಾರೋಗ್ಯಕ್ಕೆ ಅದು ತಳಹದಿ. ಆದರೆ ಅದೇ ಸಮಿತಿಯು, ದೇಶಕ್ಕೆಲ್ಲ ಒಂದೇ ಮಟ್ಟದ ವೈದ್ಯಪದವಿ ಇರತಕ್ಕದ್ದೆಂದು ಬಹುಮತದಿಂದ ತೀರ್ಮಾನಿಸಿ, ಎಲ್.ಎಂ.ಪಿ. ತರದ ಶಿಕ್ಷಣವನ್ನು ನಿಲ್ಲಿಸಬೇಕೆಂದಿತು. ಉದ್ದೇಶವು ಉದಾತ್ತವಾದುದೇ, ಹಳ್ಳಿಯವನಿಗೆ ಕೆಳದರ್ಜೆಯ ವೈದ್ಯನೇಕೆ ಎಂಬ ವಾದದಲ್ಲಿ ನ್ಯಾಯವಿದ್ದಿತು. ಆದರೂ, ಬೆಂಗಳೂರಿನ ಕೋಟೆಯ ಬಳಿ 1955ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜೂ ಅದರಂತಹ ಇತರ ಕಾಲೇಜುಗಳೂ ಕೊಟ್ಟ ಉನ್ನತ ಪದವೀಧರರಲ್ಲಿ ಹೋಬಳಿಗೆ ಹೋಗಿ ನೆಲಸಲು ಒಪ್ಪಿದವರು ಬಹು ಕಡಮೆಯೆಂಬುದೂ, 2012ರಲ್ಲಿ ಕರ್ನಾಟಕವು ವೈದ್ಯಪದವೀಧರರಿಗೆ ಒಂದು ವರ್ಷದ ಸೇವೆಯನ್ನು ಶಾಸನದ ಮೂಲಕ ಕಡ್ಡಾಯಗೊಳಿಸಬೇಕಾಗಿ ಬಂದಿತೆಂಬುದೂ ಮರೆಯುವಂತಹ ಸಂಗತಿಗಳಲ್ಲ. ಹೋದ ಎಲ್.ಎಂ.ಪಿ. ವೈದ್ಯನ ಸ್ಥಾನವನ್ನು ಹಳ್ಳಿಯಲ್ಲಿ ಇಂದಿಗೂ ಯಾರೂ ತುಂಬಿಲ್ಲವೆಂಬುದೇ ನನ್ನ ದೃಢವಾದ ಅಭಿಪ್ರಾಯ.

ಆರೋಗ್ಯಕ್ಕೆಂದೇ ವಿಮೆಯು ಮೊದಲು ದೊರೆತದ್ದು ಕಾರ್ಖಾನೆಯ ಕೆಲಸಗಾರನಿಗೆ. ಪ್ರೊಫೆಸರ್ ಬಿ. ಪಿ. ಅಡಾರ್ಕರ್ ಅವರು 1944ರಲ್ಲಿ ಕೊಟ್ಟ ವರದಿಯನ್ನು ಅನುಸರಿಸಿ 1948ರಲ್ಲಿ ನೌಕರರ ರಾಜ್ಯ ವಿಮಾ ಕಾಯಿದೆಯು ಬಂದು, 1958ರಲ್ಲಿ ಬೆಂಗಳೂರಿಗೆ ಅನ್ವಯವಾಯಿತು. ನಗರದ ಪಶ್ಚಿಮದ ಬಿನ್ನಿ ಗಿರಣಿಯಂತಹ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಕಾರ್ಮಿಕವರ್ಗಕ್ಕೆ ಅದರಿಂದ ಆದ ಉಪಕಾರವು ಅಲ್ಪವಾದುದಲ್ಲ. ಮನೆಯ ಸಮೀಪದಲ್ಲಿ ಇ.ಎಸ್.ಐ. ದವಾಖಾನೆ, ದೊಡ್ಡ ಕಾಯಿಲೆಗೆ ರಾಜಾಜಿನಗರದ ಆಸ್ಪತ್ರೆ, ಮಲಗಿದ ದಿನಗಳಿಗೆ ಕೂಲಿಯ ಒಂದು ಭಾಗ, ಈ ಮೂರನ್ನೂ ಅದು ಒಟ್ಟಿಗೆ ಹೆಣೆದಿದ್ದಿತು. ಹೊಲದಲ್ಲಿ ದುಡಿಯುವವನು ಮಾತ್ರ ಈ ಕಾಯಿದೆಯ ಹೊರಗೇ ಉಳಿದನು. ನಗರದ ಮಧ್ಯಮವರ್ಗಕ್ಕೆ 1986ರಲ್ಲಿ ಮೆಡಿಕ್ಲೈಮ್ ಬಂದಿತು. ಅದೂ ಹಳ್ಳಿಯ ಗಡಿಯನ್ನು ದಾಟಲಿಲ್ಲ.

ದಾಟಿದ ಮೊದಲ ದೊಡ್ಡ ಯೋಜನೆಯನ್ನು ಕುರಿತು ಹೇಳಲು ಮತ್ತೆ ಚಾಮರಾಜಪೇಟೆಗೆ ಬರಬೇಕು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಹಚ್ಚಿದ ಸಹಕಾರದ ದೀಪವು ಬಹು ಬೇಗನೆ ಮೈಸೂರು ಸೀಮೆಯನ್ನೂ ತಲುಪಿ, 1907ರಲ್ಲಿ ಬೆಂಗಳೂರು ನಗರ ಸಹಕಾರ ಬ್ಯಾಂಕೂ, 1915ರಲ್ಲಿ ಇಂದು ಅಪೆಕ್ಸ್ ಬ್ಯಾಂಕೆಂದು ಪ್ರಸಿದ್ಧವಾದ ರಾಜ್ಯ ಸಹಕಾರ ಬ್ಯಾಂಕೂ ಜನ್ಮ ತಾಳಿದುವು. ಇವೆರಡರ ಕಚೇರಿಗಳೂ ಚಾಮರಾಜಪೇಟೆಯ ಪಂಪಮಹಾಕವಿ ರಸ್ತೆಯಲ್ಲಿ, ಕನ್ನಡ ಸಾಹಿತ್ಯ ಪರಿಷತ್ತಿನ ನೆರೆಹೊರೆಯಲ್ಲಿಯೇ ಇರುವುದು ಈ ಬಡಾವಣೆಗೆ ಶೋಭೆ. ಊರೂರಿನ ಸಹಕಾರ ಸಂಘಗಳಲ್ಲಿ ಷೇರು ಹಿಡಿದ ಲಕ್ಷಾಂತರ ರೈತರ ಹೆಸರುಗಳು ಪುಸ್ತಕಗಳಲ್ಲಿ ಬರೆದು ಸಿದ್ಧವಾಗಿದ್ದುದರಿಂದಲೇ, ಸಂಬಳವಿಲ್ಲದವನಿಂದ ವಂತಿಗೆಯನ್ನು ಸಂಗ್ರಹಿಸುವುದು ಹೇಗೆಂಬ ಹಳೆಯ ಪ್ರಶ್ನೆಗೆ ಉತ್ತರ ದೊರೆಯಿತು. ಹೃದಯವೈದ್ಯ ಡಾಕ್ಟರ್ ದೇವಿ ಶೆಟ್ಟಿಯವರ ಆಲೋಚನೆಗೆ ಎಸ್. ಎಂ. ಕೃಷ್ಣ ಅವರ ಸರ್ಕಾರದ ಬೆಂಬಲ ದೊರೆತು, 2002ರ ನವೆಂಬರಿನಲ್ಲಿ ಘೋಷಿತವಾದ ಯಶಸ್ವಿನಿ ಯೋಜನೆಯು 2003ರ ಜೂನ್ ಮಾಸದಿಂದ ಜಾರಿಗೆ ಬಂದಿತು. ತಿಂಗಳಿಗೆ ಐದು ರೂಪಾಯಿ, ವರ್ಷಕ್ಕೆ 60 ರೂಪಾಯಿ. ಅಷ್ಟಕ್ಕೆ 1,600ಕ್ಕೂ ಮೇಲ್ಪಟ್ಟ ವಿಧದ ಶಸ್ತ್ರಚಿಕಿತ್ಸೆಗಳು! ಮೊದಲ ವರ್ಷದಲ್ಲಿಯೇ ಸುಮಾರು 16 ಲಕ್ಷ ಮಂದಿ ಸದಸ್ಯರಾದರು. ಸಾಲಕ್ಕೂ ಗೊಬ್ಬರಕ್ಕೂ ಮಾತ್ರ ಸಂಘದ ಬಾಗಿಲಿಗೆ ಬರುತ್ತಿದ್ದ ರೈತನು ತನ್ನ ಹೃದಯದ ಕವಾಟದ ಚಿಕಿತ್ಸೆಗೂ ಅದೇ ಬಾಗಿಲಿಗೆ ಬಂದದ್ದು ಭಾರತದ ಸಹಕಾರ ಚಳವಳಿಯಲ್ಲಿಯೇ ಸ್ಮರಣೀಯವಾದ ಘಟನೆಯೆಂದು ನಾನು ತಿಳಿದಿದ್ದೇನೆ.

ಅದೇ ಕಾಲದಲ್ಲಿ ತಿರುಮಕೂಡಲು ನರಸೀಪುರದಲ್ಲಿ ಡಾಕ್ಟರ್ ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ ನಡೆಸಿದ ಸಣ್ಣ ಪ್ರಯೋಗವೊಂದು ಇದಕ್ಕಿಂತ ಕಡಮೆ ಪ್ರಸಿದ್ಧವಾದರೂ ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಆಳವಾದುದು. ಸರ್ಕಾರಿ ಆಸ್ಪತ್ರೆಯಲ್ಲಿ ಮಲಗಿದ ಬಡವನಿಗೆ ದಿನದಿನದ ಕೂಲಿನಷ್ಟವನ್ನು ತುಂಬಿಕೊಡುವ ವಿಮೆ ಅದು. ಕಲಾಸಿಪಾಳ್ಯದಲ್ಲಿ ಇಳಿದ ಕುಟುಂಬದ ಲೆಕ್ಕಕ್ಕೆ ಬಾರದ ಖರ್ಚನ್ನು, ಇ.ಎಸ್.ಐ.ಯ ಹೊರಗೆ, ಲೆಕ್ಕಕ್ಕೆ ತಂದವರು ಬಹುಮಟ್ಟಿಗೆ ಅವರೊಬ್ಬರೇ.

ತರುವಾಯದ ಇತಿಹಾಸವು ವೇಗವಾಗಿ ಚಲಿಸಿತು. ಕೇಂದ್ರದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯು 2008ರಲ್ಲಿ ಬಡಕುಟುಂಬಕ್ಕೆ ವಾರ್ಷಿಕ 30,000 ರೂಪಾಯಿಗಳ ರಕ್ಷೆಯನ್ನು ಕೊಟ್ಟಿತು. ಕರ್ನಾಟಕದ ವಾಜಪೇಯಿ ಆರೋಗ್ಯಶ್ರೀಯು 2010ರಲ್ಲಿ ಕಲಬುರಗಿ ವಿಭಾಗದಿಂದ ಮೊದಲ್ಗೊಂಡು, ಹೃದ್ರೋಗ ಅರ್ಬುದಗಳಂತಹ ಘೋರವ್ಯಾಧಿಗಳ ಚಿಕಿತ್ಸೆಯನ್ನು ಬಡವರಿಗೆ ಉಚಿತಗೊಳಿಸಿತು. ಆ ಯೋಜನೆಯು ಇನ್ನೂ ಉತ್ತರದ ಜಿಲ್ಲೆಗಳಿಗಷ್ಟೇ ಸೀಮಿತವಾಗಿದ್ದಾಗ, ಗಡಿಯ ಈಚೆ ಆಚೆಯ 572 ಹಳ್ಳಿಗಳನ್ನು ಹೋಲಿಸಿ ನಡೆಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಗೆ ಒಳಪಟ್ಟ ವ್ಯಾಧಿಗಳಿಂದ ಸಾಯುವವರ ಪ್ರಮಾಣವು ಯೋಜನೆಯಿಲ್ಲದ ಹಳ್ಳಿಗಳ ಬಡಕುಟುಂಬಗಳಲ್ಲಿ ಶೇಕಡಾ 0.90 ಇದ್ದರೆ, ಯೋಜನೆಯಿದ್ದ ಹಳ್ಳಿಗಳ ಬಡಕುಟುಂಬಗಳಲ್ಲಿ 0.32 ಮಾತ್ರ ಇದ್ದಿತು. ವಿಮೆಯು ಬರಿಯ ಕಾಗದವೆಂದು ಹೇಳುವವರು ಈ ಅಂಕಿಗಳ ಮುಂದೆ ಮೌನವಾಗಬೇಕಾಗುತ್ತದೆ. ಪ್ರಾಣ ಉಳಿಸಿದುದನ್ನು ಪ್ರಾಣ ಉಳಿಸಿತೆಂದೇ ಹೇಳಬೇಕು.

2017ರ ರಾಷ್ಟ್ರೀಯ ಆರೋಗ್ಯ ನೀತಿಯು ಎರಡು ಪ್ರತಿಜ್ಞೆಗಳನ್ನು ಮಾಡಿತು: 2025ರ ವೇಳೆಗೆ ಸರ್ಕಾರಗಳ ಆರೋಗ್ಯವೆಚ್ಚವನ್ನು ರಾಷ್ಟ್ರೋತ್ಪನ್ನದ ಶೇಕಡಾ 2.5ಕ್ಕೆ ಏರಿಸುವುದು, ಮತ್ತು ಅದರಲ್ಲಿ ಮೂರನೆಯ ಎರಡು ಭಾಗವನ್ನು ಪ್ರಾಥಮಿಕ ಆರೋಗ್ಯಕ್ಕೆ ಮೀಸಲಿಡುವುದು. ಮರುವರ್ಷ, 2018ರ ಸೆಪ್ಟೆಂಬರಿನಲ್ಲಿ, ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಗಳ ರಕ್ಷೆಯನ್ನು ಕೊಡುವ ಆಯುಷ್ಮಾನ್ ಭಾರತ ಯೋಜನೆಯು ಬಂದಿತು. ಅಷ್ಟರಲ್ಲಿಯೇ ಹಿಂದಣ ಹಲವು ಯೋಜನೆಗಳನ್ನು ಕೂಡಿಸಿ ಆರೋಗ್ಯ ಕರ್ನಾಟಕವನ್ನು ಆರಂಭಿಸಿದ್ದ ನಮ್ಮ ರಾಜ್ಯವು ಅಕ್ಟೋಬರಿನಲ್ಲಿ ಎರಡನ್ನೂ ಒಂದುಗೂಡಿಸಿತು. ಬಡತನದ ರೇಖೆಯ ಮೇಲಿರುವವರಿಗೂ ಚಿಕಿತ್ಸಾದರದ ಶೇಕಡಾ 30 ಭಾಗವನ್ನು ಭರಿಸುವುದು ಇದರ ವೈಶಿಷ್ಟ್ಯ; ಕೇಂದ್ರವು ತನ್ನ ಪಟ್ಟಿಯ ಕುಟುಂಬಗಳಿಗೆ ಮಾತ್ರ ಶೇಕಡಾ 60 ಭಾಗವನ್ನು ಕೊಡುವುದರಿಂದ, ಪಟ್ಟಿಯ ಹೊರಗಿನವರ ಭಾರವು ರಾಜ್ಯದ ಬೊಕ್ಕಸದ್ದೇ. ಸಾಮಾನ್ಯ ಚಿಕಿತ್ಸೆಯು ಸರ್ಕಾರಿ ಆಸ್ಪತ್ರೆಯಲ್ಲಿಯೇ ನಡೆಯಬೇಕು, ಅಲ್ಲಿ ಸಾಧ್ಯವಿಲ್ಲದಿದ್ದರೆ ಅಲ್ಲಿಂದ ಶಿಫಾರಸು ಪತ್ರ ಪಡೆದು ಖಾಸಗಿ ಆಸ್ಪತ್ರೆಗೆ ಹೋಗಬೇಕು ಎಂಬ ನಿಯಮವನ್ನು ಅನೇಕರು ದೂರುತ್ತಾರೆ. ಅದರಿಂದ ರೋಗಿಯ ಅಲೆದಾಟ ಹೆಚ್ಚುವುದು ನಿಜ. ಆದರೆ ಆ ನಿಯಮವಿಲ್ಲದಿದ್ದರೆ ಸರ್ಕಾರದ ಹಣವೆಲ್ಲ ಖಾಸಗಿ ಆಸ್ಪತ್ರೆಗಳತ್ತ ಹರಿದು ಜಿಲ್ಲಾಸ್ಪತ್ರೆಗಳು ಬಡವಾಗುತ್ತಿದ್ದುವು. ಆದಕಾರಣ ನಾನು ಆ ನಿಯಮದ ಪಕ್ಷಪಾತಿ. 2018ರಲ್ಲಿ ಇದರೊಳಗೆ ಲೀನವಾಗಿದ್ದ ಯಶಸ್ವಿನಿಯು ಸಹಕಾರಿಗಳ ಒತ್ತಾಯದ ಫಲವಾಗಿ 2022ರಲ್ಲಿ ಮತ್ತೆ ಜೀವತಳೆದು, ನಾಲ್ವರ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿಯ ವಂತಿಗೆಯನ್ನು ಗೊತ್ತುಮಾಡಿತು.

ನಗರದ ವೃದ್ಧರಿಗೂ ಈಚೆಗೆ ಕೆಲವು ಅನುಕೂಲಗಳಾಗಿವೆ. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು 65 ವರ್ಷ ಮೀರಿದವರಿಗೆ ಹೊಸ ಪಾಲಿಸಿಯನ್ನು ನಿರಾಕರಿಸುವ ಪದ್ಧತಿಗೆ ಎಡೆಯಿಲ್ಲದಂತೆ ಮಾಡಿತು. ಅದೇ ವರ್ಷ ಕೇಂದ್ರವು 70 ವರ್ಷ ದಾಟಿದ ಎಲ್ಲರಿಗೂ ಆಯುಷ್ಮಾನ್ ರಕ್ಷೆಯನ್ನು ಘೋಷಿಸಿತು. 2025ರ ಸೆಪ್ಟೆಂಬರಿನಲ್ಲಿ ವ್ಯಕ್ತಿಗತ ಆರೋಗ್ಯವಿಮೆಯ ಮೇಲಿನ ಜಿ.ಎಸ್.ಟಿ. ರದ್ದಾಯಿತು.

ಇಷ್ಟೆಲ್ಲ ಆಗಿಯೂ, ಹಳ್ಳಿಯ ರೋಗಿಯ ಹಾದಿಯು ಎಷ್ಟು ಬದಲಾಗಿದೆ? ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರಗಳ ಪ್ರಕಾರ ಒಟ್ಟು ಆರೋಗ್ಯವೆಚ್ಚದಲ್ಲಿ ಜನರು ಕೈಯಿಂದ ತೆರುವ ಪಾಲು 2013-14ರಲ್ಲಿ ಶೇಕಡಾ 64.2 ಇದ್ದುದು 2021-22ರಲ್ಲಿ 39.4ಕ್ಕೆ ಇಳಿದಿರುವುದು ಸಂತೋಷದ ವಿಷಯ. ಆದರೆ ಅದೇ ಲೆಕ್ಕದಲ್ಲಿ ಸರ್ಕಾರಗಳ ವೆಚ್ಚವು ರಾಷ್ಟ್ರೋತ್ಪನ್ನದ ಶೇಕಡಾ 1.84 ಮಾತ್ರ. ಈ ಯೋಜನೆಗಳ ಕಾರ್ಡುಗಳೆಲ್ಲ ಮುಖ್ಯವಾಗಿ ಫಲ ಕೊಡುವುದು ರೋಗಿಯು ಆಸ್ಪತ್ರೆಯ ಮಂಚದ ಮೇಲೆ ಮಲಗಿದ ಮೇಲೆ. ಸಕ್ಕರೆಕಾಯಿಲೆಯವನು ತಿಂಗಳು ತಿಂಗಳು ನುಂಗಬೇಕಾದ ಮಾತ್ರೆಗೆ, ರಕ್ತದೊತ್ತಡವನ್ನು ಅಳೆಯಿಸಿಕೊಳ್ಳುವುದಕ್ಕೆ, ಮಗುವಿನ ಜ್ವರಕ್ಕೆ ಅವು ಉಪಯೋಗಕ್ಕೆ ಬರುವುದಿಲ್ಲ. ಆ ಮಾತ್ರೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರವು ಉಚಿತವಾಗಿ ಕೊಡಬೇಕು. ಕೇಂದ್ರದಲ್ಲಿ ವೈದ್ಯನಿಲ್ಲದೆ, ಔಷಧ ಮುಗಿದು, ರೈತನು ವರ್ಷಗಟ್ಟಲೆ ಮಾತ್ರೆ ಬಿಟ್ಟರೆ, ಮೂತ್ರಪಿಂಡಗಳು ಸೋತ ಮೇಲೆ ಡಯಾಲಿಸಿಸ್‌ಗೆ ಕಾರ್ಡು ಹಣ ಕೊಡುತ್ತದೆ. ಕೆರೆಯ ಏರಿಯಲ್ಲಿ ಬಿದ್ದ ಸಣ್ಣ ಬಿರುಕನ್ನು ಮುಚ್ಚದೆ, ಏರಿ ಒಡೆದ ಮೇಲೆ ಪರಿಹಾರ ಹಂಚುವ ಆಡಳಿತವನ್ನು ನಾವು ವಿವೇಕವೆನ್ನುವೆವೆ? ಮೇಲಾಗಿ, ಘೋರವ್ಯಾಧಿಗಳಿಗೆ ಚಿಕಿತ್ಸೆ ಕೊಡಬಲ್ಲ ಆಸ್ಪತ್ರೆಗಳು ಬಹುಪಾಲು ಬೆಂಗಳೂರಿನಲ್ಲಿಯೂ ಕೆಲವು ದೊಡ್ಡ ನಗರಗಳಲ್ಲಿಯೂ ಕಿಕ್ಕಿರಿದಿರುವುದರಿಂದ, ಐದು ಲಕ್ಷದ ರಕ್ಷೆಯುಳ್ಳವನೂ ಬಸ್ಸು ಹತ್ತಿ ಇಲ್ಲಿಗೇ ಬರಬೇಕು, ಜೊತೆಗೆ ಬಂದವರು ಇಲ್ಲಿಯೇ ಜಗಲಿ ಹುಡುಕಬೇಕು, ಕೂಲಿ ಅಲ್ಲಿ ತಪ್ಪಲೇಬೇಕು.

ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾಗಿ ಮಾರ್ಪಡಿಸಿ, ಅಲ್ಲಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯನ್ನು ನೇಮಿಸುತ್ತಿರುವುದು ಈಚಿನ ಸುಧಾರಣೆಗಳಲ್ಲೆಲ್ಲ ನನಗೆ ಅತ್ಯಂತ ಆಶಾದಾಯಕವಾಗಿ ತೋರುತ್ತದೆ. ಆಶಾ ಕಾರ್ಯಕರ್ತೆಯೂ ಈ ಅಧಿಕಾರಿಯೂ ಕೂಡಿ ಮನೆಮನೆಗೆ ಹೋಗಿ ರಕ್ತದೊತ್ತಡ ಅಳೆದು, ಮಾತ್ರೆ ತಲುಪಿಸುವುದಾದರೆ, ಕ್ಲೋಸ್‌ಪೇಟೆಯಲ್ಲಿ ಆರಂಭಿಸಿದ ಕಾರ್ಯವೇ ಮುಂದುವರಿದಂತಾಗುತ್ತದೆ. ಪತ್ರಿಕೆಗಳ ಮುಖಪುಟದಲ್ಲಿ ಇದಕ್ಕೆ ಸ್ಥಳವಿಲ್ಲ. ಕಾರ್ಡಿನ ಮೇಲಿನ ಭಾವಚಿತ್ರಗಳಂತೆ ಇದು ಯಾರ ಕೀರ್ತಿಯನ್ನೂ ಬೆಳಗುವುದಿಲ್ಲ.

ಇನ್ನು ಓದುಗರಲ್ಲಿ ಒಂದು ವಿಜ್ಞಾಪನೆ. ಚಾಮರಾಜಪೇಟೆಯಲ್ಲಿಯೂ ಬಸವನಗುಡಿಯಲ್ಲಿಯೂ ಮಲ್ಲೇಶ್ವರದಲ್ಲಿಯೂ ಸಹಕಾರ ಸಂಘಗಳ ಸದಸ್ಯರಾಗಿರುವವರು ಬಹುಮಂದಿ ಇದ್ದೀರಿ. ನಿಮ್ಮ ವಾರ್ಷಿಕ ಸಭೆಗಳಲ್ಲಿ ಲಾಭಾಂಶದ ಚರ್ಚೆ ಮುಗಿದ ಬಳಿಕ ಎರಡು ಬೇಡಿಕೆಗಳನ್ನು ನಿರ್ಣಯರೂಪವಾಗಿ ಅಂಗೀಕರಿಸಿ ಸರ್ಕಾರಕ್ಕೆ ಕಳುಹಿಸಿರಿ. ಯಶಸ್ವಿನಿಯ ರಕ್ಷೆಯು ಸಕ್ಕರೆಕಾಯಿಲೆ ರಕ್ತದೊತ್ತಡಗಳ ನಿತ್ಯದ ಔಷಧಕ್ಕೂ, ಮಲಗಿದ ದಿನಗಳ ಕೂಲಿಗೂ ವಿಸ್ತರಿಸಲಿ ಎಂಬುದು ಒಂದು. 2017ರ ನೀತಿಯು ಮಾತು ಕೊಟ್ಟಂತೆ ಆರೋಗ್ಯದ ಹಣದಲ್ಲಿ ಮೂರನೆಯ ಎರಡು ಭಾಗವು ಪ್ರಾಥಮಿಕ ಆರೋಗ್ಯಕ್ಕೆ ಸಲ್ಲಲಿ ಎಂಬುದು ಇನ್ನೊಂದು. ನಿಮ್ಮ ಮನೆಗಳಿಗೆ ಕೆಲಸಕ್ಕೆ ಬರುವ ಮಾಗಡಿ ಕನಕಪುರಗಳ ಕಡೆಯ ಹೆಂಗಸರಿಗೆ ಆರೋಗ್ಯದ ಕಾರ್ಡು ಆಗಿದೆಯೇ ಎಂದು ನಾಳೆಯೇ ವಿಚಾರಿಸಿ, ಆಗಿಲ್ಲದಿದ್ದರೆ ಪಡಿತರ ಚೀಟಿಯೊಡನೆ ಸಮೀಪದ ಸರ್ಕಾರಿ ಆಸ್ಪತ್ರೆಗೆ ಅವರ ಜೊತೆಯಲ್ಲಿ ನೀವೇ ಹೋಗಿ ಮಾಡಿಸಿಕೊಡಿರಿ.